ನೋಯುವ ಬೆರಳಿಗೆ ಪೆನ್ ಟ್ಯಾಬ್ಲೆಟ್: ಒಂದು ಸಿನಿಮಾ ಮಾಡಿ ಮುಗಿಸಿದ ಮೇಲಿನ ರಿವ್ಯೂ

ಪೆನ್ ಟ್ಯಾಬ್ಲೆಟ್, ಅಂದರೆ ಕಂಪ್ಯೂಟರಿಗೆ ಸಿಕ್ಕಿಸಿ ಅದರದ್ದೇ ಪೆನ್ನಿನಿಂದ ಚಿತ್ರ ಬಿಡಿಸುವ ಹಲಗೆ, ತಗೊಳ್ಳುವ ಮುಂಚೆ ನಾನು ನೋಡಿದ ರಿವ್ಯೂಗಳೆಲ್ಲ ಒಂದೇ ತರ. 8192 ಪ್ರೆಶರ್ ಲೆವೆಲ್ (ಪೆನ್ನು ಒತ್ತುವ ಬಲದಲ್ಲಿ ಎಷ್ಟು ಹಂತ ಗುರುತಿಸುತ್ತದೆ ಅನ್ನುವ ಲೆಕ್ಕ), ಇಷ್ಟು ಬಟನ್, ಡಬ್ಬಿ ಬಿಚ್ಚುವ ವಿಡಿಯೊ, ಮುಗೀತು. ಮೂರು ತಾಸು ಗೀಚಿದ ಮೇಲೆ ಹೆಬ್ಬೆರಳಿನ ಗತಿ ಏನು ಅಂತ ಒಬ್ಬರೂ ಹೇಳಲಿಲ್ಲ. ನನಗೆ ಬೇಕಾಗಿದ್ದು ಅದೊಂದೇ. ಈಗ ಅನಿಮೇಷನ್ ಡಿಪ್ಲೊಮಾದ ಸಿನಿಮಾ ಮುಗಿದಿದೆ, ಮೂರು ನಿಮಿಷ ಹತ್ತು ಸೆಕೆಂಡಿನದ್ದು, ಪೂರ್ತಿ ಇದೇ ಟ್ಯಾಬ್ಲೆಟ್ ಮೇಲೆ ಬಿಡಿಸಿದ್ದು. ಹಾಗಾಗಿ ನಾನೇ ಬರೆಯುತ್ತಿದ್ದೇನೆ.

ಮೊದಲು ನನ್ನ ಕೈಯ ಬಗ್ಗೆ ಹೇಳಬೇಕು, ಇಲ್ಲದಿದ್ದರೆ ಉಳಿದದ್ದು ಅರ್ಥ ಆಗಲ್ಲ. ನನಗೆ 19ನೇ ವಯಸ್ಸಿಗೆ ರುಮಟಾಯ್ಡ್ ಆರ್ಥ್ರೈಟಿಸ್ ಶುರುವಾಯಿತು. ಕನ್ನಡದಲ್ಲಿ ಸಂಧಿವಾತ ಅಂದರೆ ಎಲ್ಲರಿಗೂ ಅಜ್ಜ ಅಜ್ಜಿಯರ ಮೊಣಕಾಲು ನೆನಪಾಗುತ್ತದೆ, ಇದು ಅದಲ್ಲ. ಕೀಲು ಸವೆದು ಬರುವುದಲ್ಲ, ರೋಗದ ಜೊತೆ ಹೋರಾಡಬೇಕಾದ ದೇಹದ ಪಡೆ ತನ್ನದೇ ಕೀಲಿನ ಒಳಪದರದ ಮೇಲೆ ಬೀಳುವುದು. ಯಾವ ವಯಸ್ಸಿಗಾದರೂ ಬರಬಹುದು, ಹೆಂಗಸರಲ್ಲಿ ಜಾಸ್ತಿ. ನನಗೆ ಎರಡೂ ಕೈಯ ಬೆರಳ ಬುಡದ ಗಂಟುಗಳು ಮತ್ತು ಮಣಿಕಟ್ಟು. ಬೆಳಿಗ್ಗೆ ಎದ್ದರೆ ಮುಷ್ಟಿ ಕಟ್ಟಲು ಬರುವುದಿಲ್ಲ. ಬಿಸಿನೀರಿನ ಬೋಗುಣಿಯಲ್ಲಿ ಕೈ ಇಟ್ಟುಕೊಂಡು ಕೂತರೂ ಒಂದು ತಾಸು ಬೇಕು. ಹತ್ತೂವರೆ ಹೊತ್ತಿಗೆ ಕೈ ನನ್ನದಾಗುತ್ತದೆ, ಸಂಜೆ ಐದರ ಮೇಲೆ ಮತ್ತೆ ಊದುತ್ತದೆ. ನಡುವೆ ಇರುವುದೇ ನನ್ನ ದಿನ.

ನಮ್ಮದು ಬಾಗಲಕೋಟೆ, ನವನಗರ. ಕೀಲು ರೋಗದ ಸ್ಪೆಷಲಿಸ್ಟ್‌ಗೆ ತೋರಿಸಲು ಮೂರು ತಿಂಗಳಿಗೊಮ್ಮೆ ಬೆಳಗಾವಿಗೆ ಹೋಗುತ್ತೇನೆ, ಲೋಕಾಪುರ ಯರಗಟ್ಟಿ ಮೇಲೆ ಬಸ್ಸು, ಹೋಗಿ ಬಂದರೆ ಆ ದಿನವೂ ಹೋಯಿತು, ಮರುದಿನವೂ ಹೋಯಿತು. (ಕುಂದಾ ತರುತ್ತೇನೆ ಅನ್ನುವುದೊಂದೇ ಮನೆಯವರಿಗೆ ಲಾಭ.) ಭಾನುವಾರ ರಾತ್ರಿ ಮೆಥೊಟ್ರೆಕ್ಸೇಟ್ ಮಾತ್ರೆ. ವಾರಕ್ಕೆ ಒಂದೇ ದಿನ ತಗೊಳ್ಳುವ ಮಾತ್ರೆ ಅದು, ತಪ್ಪಿ ದಿನಾ ನುಂಗಿದರೆ ಪ್ರಾಣಕ್ಕೇ ಕುತ್ತು, ಹಾಗಾಗಿ ಅವ್ವ ಕ್ಯಾಲೆಂಡರಿನಲ್ಲಿ ಪ್ರತಿ ಭಾನುವಾರಕ್ಕೂ ಕೆಂಪು ಸೊನ್ನೆ ಸುತ್ತಿಟ್ಟಿದ್ದಾಳೆ. ಸೋಮವಾರ ನನಗೆ ಶೇಂಗಾ ಹಿಂಡಿ ವಾಸನೆ ಬಂದರೂ ವಾಕರಿಕೆ. ಫೋಲಿಕ್ ಆಸಿಡ್ ಮಾತ್ರೆಯಿಂದ ಸ್ವಲ್ಪ ಕಡಿಮೆ, ಪೂರ್ತಿ ಹೋಗಲ್ಲ. ಅಂದರೆ ವಾರದಲ್ಲಿ ಸೋಮವಾರ ಲೆಕ್ಕಕ್ಕಿಲ್ಲ.

ಇಂಥ ಕೈ ಇಟ್ಟುಕೊಂಡು ಅನಿಮೇಷನ್ ಓದಲು ಹೋದವಳು ನಾನು. ನಮ್ಮ ಸೋದರತ್ತೆ ಒಬ್ಬರು ಕೇಳಿದರು, "ರೊಟ್ಟಿ ಬಡಿಯಾಕ ಬರಂಗಿಲ್ಲ ಅಂತಿ, ಚಿತ್ರಾ ತಗಿಯಾಕ ಹೆಂಗ ಬರತೈತಿ?" ಉತ್ತರ ಕೊಡಲಿಲ್ಲ. ಪ್ರಶ್ನೆ ಮಾತ್ರ ಸರಿಯಾಗಿಯೇ ಇತ್ತು. ರೊಟ್ಟಿಗೆ ಅಂಗೈ ಬೀಸಿ ಬಡಿಯಬೇಕು. ಚಿತ್ರಕ್ಕೆ ಹಾಗೆ ಬಡಿಯಬೇಕಿಲ್ಲ ಅನ್ನುವುದನ್ನು ಕಂಡುಕೊಳ್ಳಲು ನನಗೆ ಏಳು ತಿಂಗಳು ಹಿಡಿಯಿತು.

ಈಗ ಟ್ಯಾಬ್ಲೆಟ್. ಸೆಕೆಂಡ್ ಹ್ಯಾಂಡ್, 2500 ರೂಪಾಯಿ, ಸ್ಕ್ರೀನ್ ಇಲ್ಲದ್ದು. ಕಂಪನಿ ಹೆಸರು ಬರೆಯುತ್ತಿಲ್ಲ, ಈ ಮಾಡೆಲ್ ಈಗ ಹೊಸದಾಗಿ ಸಿಗಲ್ಲ, ಮತ್ತೆ ನಾನು ಹೇಳುವುದು ಯಾವ ಕಂಪನಿಯದ್ದಕ್ಕಾದರೂ ಹೊಂದುತ್ತದೆ. ಬಿಡಿಸುವ ಜಾಗ 10 ಇಂಚು ಅಗಲ, 6 ಇಂಚು ಎತ್ತರ. ಅಂಗಡಿಯವರು ಸಣ್ಣದನ್ನೇ ತಗೋ, ಬ್ಯಾಗಿನಲ್ಲಿ ಹಿಡಿಸುತ್ತದೆ ಅಂದರು. ನಾನು ಕೇಳದೇ ದೊಡ್ಡದು ತಗೊಂಡೆ, ಅದೃಷ್ಟ ಅಷ್ಟೇ. ಯಾಕೆಂದರೆ ಸಣ್ಣ ಟ್ಯಾಬ್ಲೆಟ್‌ನಲ್ಲಿ ಇಡೀ ಸ್ಕ್ರೀನು ಅಂಗೈಯಷ್ಟು ಜಾಗದಲ್ಲಿ ಕೂತಿರುತ್ತದೆ, ಗೆರೆ ಎಳೆಯುವುದು ಬೆರಳು ಮತ್ತು ಮಣಿಕಟ್ಟು. ದೊಡ್ಡದರಲ್ಲಿ ಮೊಣಕೈ ಮತ್ತು ಭುಜದಿಂದ ಎಳೆಯಬಹುದು. ನನ್ನ ಭುಜ ಚೆನ್ನಾಗಿದೆ. ಬೆರಳು ಪೆನ್ನನ್ನು ಸುಮ್ನೆ ಹಿಡಿದುಕೊಂಡಿದ್ದರೆ ಸಾಕು, ಕೆಲಸ ಭುಜ ಮಾಡುತ್ತದೆ. ಮೊದಲ ಎರಡು ವಾರ ಗೆರೆಗಳು ಕೆಟ್ಟದಾಗಿ ಬಂದವು, ಎಲ್ಲ ದೊಡ್ಡ ದೊಡ್ಡದು. ಆಮೇಲೆ ಹೊಂದಿಕೊಂಡೆ.

ಸ್ಕ್ರೀನ್ ಇರುವುದು ಒಳ್ಳೆಯದಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಗೆಳತಿಯದೊಂದನ್ನು ಒಂದು ವಾರ ಬಳಸಿ ನೋಡಿದೆ. ಚಿತ್ರದ ಮೇಲೇ ಬಿಡಿಸುವ ಖುಷಿ ಬೇರೆಯೇ, ಒಪ್ಪುತ್ತೇನೆ. ಆದರೆ ತಲೆ ಬಗ್ಗಿಸಿಯೇ ಕೂರಬೇಕು, ಕುತ್ತಿಗೆ ಹಿಡಿಯಿತು. ಜೊತೆಗೆ ಕೈ ಚಿತ್ರವನ್ನು ಮುಚ್ಚುತ್ತದೆ ಅಂತ ಕೈಯನ್ನು ಮೇಲೆ ಎತ್ತಿ ಹಿಡಿಯುತ್ತಿದ್ದೆ, ಅದೇ ಮಣಿಕಟ್ಟಿಗೆ ಬಿತ್ತು. ಸ್ಕ್ರೀನ್ ಇಲ್ಲದ್ದಾದರೆ ಅದನ್ನು ತೊಡೆ ಮೇಲೆ, ದಿಂಬಿನ ಮೇಲೆ, ಎಲ್ಲಿ ಕೈಗೆ ಆರಾಮೋ ಅಲ್ಲಿ ಇಟ್ಟುಕೊಂಡು ಕಣ್ಣು ಎದುರಿಗೆ ನೆಟ್ಟರಾಯಿತು. ನನ್ನ ಸಿನಿಮಾದ ಅರ್ಧ ಭಾಗ ನಾನು ಹಾಸಿಗೆ ಮೇಲೆ ಗೋಡೆಗೆ ಒರಗಿ ಮಾಡಿದ್ದು.

ಪೆನ್ನಿಗೆ ಬ್ಯಾಟರಿ ಇಲ್ಲ. ಟ್ಯಾಬ್ಲೆಟ್ ಹಲಗೆಯಿಂದಲೇ ವಿದ್ಯುತ್ಕಾಂತ ಅಲೆ ಬಂದು ಪೆನ್ನಿನೊಳಗಿನ ಸುರುಳಿಗೆ ಶಕ್ತಿ ಕೊಡುತ್ತದೆ. ಅದರಿಂದ ಪೆನ್ನು ಹಗುರ. ನೀವು ಹಳೇದು ತಗೊಳ್ಳುವುದಾದರೆ ಇದನ್ನು ಕೇಳಿಯೇ ತಗೊಳ್ಳಿ, ಬ್ಯಾಟರಿ ಇರುವ ಪೆನ್ನು ಹಿಡಿದು ನೋಡಿದ್ದೇನೆ, ಆ ನಾಲ್ಕು ಗ್ರಾಂ ಹೆಚ್ಚಿನ ಭಾರ ಸಂಜೆ ಹೊತ್ತಿಗೆ ಬೆರಳಿಗೆ ಗೊತ್ತಾಗುತ್ತದೆ. ಆದರೆ ನನ್ನದು ತೀರ ತೆಳ್ಳಗೆ. ತೆಳ್ಳಗಿದ್ದಷ್ಟೂ ಗಟ್ಟಿಯಾಗಿ ಚಿವುಟಿ ಹಿಡಿಯಬೇಕು, ಚಿವುಟಿದಷ್ಟೂ ನೋವು. ಅದಕ್ಕೆ ತಮ್ಮನ ಸೈಕಲ್ ಹ್ಯಾಂಡಲಿನ ಹಳೇ ಸ್ಪಂಜ್ ಗ್ರಿಪ್ ಕತ್ತರಿಸಿ ತೂರಿಸಿದೆ, ಮೇಲೆ ಅಜ್ಜಿಯ ಹಳೇ ಸೀರೆಯ ಪಟ್ಟಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದೆ. ಈಗ ಅದು ಪೆನ್ನಿನ ತರ ಕಾಣಲ್ಲ, ಬದನೆಕಾಯಿ ತರ ಕಾಣುತ್ತದೆ. ಹಿಡಿದರೆ ಮಾತ್ರ ಬೆರಳು ಬಿಗಿಯುವುದೇ ಇಲ್ಲ. ಇಡೀ ಏಳು ತಿಂಗಳಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಈ ಪುಕ್ಕಟೆ ಸ್ಪಂಜು.

ಪ್ರೆಶರ್ ವಿಷಯ. 8192 ಇರಲಿ, 4096 ಇರಲಿ, ನೋಯುವ ಕೈಗೆ ಅದು ಲೆಕ್ಕವೇ ಅಲ್ಲ. ಬೇಕಾಗಿರುವುದು ಪ್ರೆಶರ್ ಕರ್ವ್. ಟ್ಯಾಬ್ಲೆಟ್‌ನ ಡ್ರೈವರ್ ಸೆಟ್ಟಿಂಗ್‌ನಲ್ಲಿ ಒಂದು ಗ್ರಾಫ್ ಇರುತ್ತದೆ, ಎಷ್ಟು ಒತ್ತಿದರೆ ಗೆರೆ ಎಷ್ಟು ದಪ್ಪ ಅಂತ ಹೇಳುವುದು. ಅದನ್ನು ಮೇಲಕ್ಕೆ ಬಗ್ಗಿಸಿ, ಸ್ವಲ್ಪ ತಾಗಿಸಿದರೂ ಪೂರ್ತಿ ದಪ್ಪ ಗೆರೆ ಬರುವ ಹಾಗೆ. ನಾನು ಅನಿಮೇಷನ್ ಮಾಡಿದ ಬ್ಲೆಂಡರ್ ಸಾಫ್ಟ್‌ವೇರ್‌ನಲ್ಲೂ ಪ್ರಿಫರೆನ್ಸಸ್, ಇನ್‌ಪುಟ್, ಟ್ಯಾಬ್ಲೆಟ್ ಅಂತ ಹೋದರೆ ಮ್ಯಾಕ್ಸ್ ಥ್ರೆಶೋಲ್ಡ್, ಸಾಫ್ಟ್‌ನೆಸ್ ಅಂತ ಎರಡು ಇವೆ, ಅವನ್ನೂ ಹಗುರ ಮಾಡಿಕೊಳ್ಳಿ. ನಾನು ಇದನ್ನು ಕಂಡಿದ್ದು ಮೂರನೇ ತಿಂಗಳು. ಅದಕ್ಕೂ ಮುಂಚೆ ಬಿಡಿಸಿದ್ದೆಲ್ಲ ಒತ್ತಿ ಒತ್ತಿ ಬಿಡಿಸಿದ್ದು, ಈಗಲೂ ಆ ಶಾಟ್ ಬಂದರೆ ಹೆಬ್ಬೆರಳು ಜುಮ್ ಅನ್ನುತ್ತದೆ.

ಬಟನ್‌ಗಳು ಕೆಟ್ಟವು, ನೇರವಾಗಿ ಹೇಳುತ್ತೇನೆ. ಪೆನ್ನಿನ ಮೇಲಿನ ಎರಡು ಬಟನ್ ಗಟ್ಟಿ, ಒತ್ತಿದರೆ ಹೆಬ್ಬೆರಳ ಬುಡಕ್ಕೇ ತಾಗುತ್ತದೆ. ಅವನ್ನು ಆಫ್ ಮಾಡಿಟ್ಟೆ. ಹಲಗೆ ಮೇಲಿನ ಬಟನ್ ಎಡಗೈಗೆ, ಅದೂ ನೋಯುವ ಕೈಯೇ. ಆದರೆ ಅನಿಮೇಷನ್‌ನಲ್ಲಿ ಅನ್‌ಡು ಒತ್ತದೇ ಹತ್ತು ನಿಮಿಷ ಇರಲು ಸಾಧ್ಯವಿಲ್ಲ. ಕಂಟ್ರೋಲ್ ಒತ್ತಿ ಹಿಡಿದು ಝಡ್, ಕಂಟ್ರೋಲ್ ಒತ್ತಿ ಹಿಡಿದು ಝಡ್, ಒಂದು ದಿನಕ್ಕೆ ನೂರಾರು ಸಲ. ಅದಕ್ಕೆ ಮನೆಯಲ್ಲಿದ್ದ ಹಾಳು ಯುಎಸ್‌ಬಿ ಕೀಬೋರ್ಡನ್ನು ನೆಲದ ಮೇಲೆ ಇಟ್ಟೆ. ಸುತ್ತಲಿನ ಕೀಗಳನ್ನು ಕಿತ್ತು, ನಂಬರ್ ಪ್ಯಾಡಿನ ದೊಡ್ಡ ಎಂಟರ್ ಮಾತ್ರ ಬಿಟ್ಟು, ಬ್ಲೆಂಡರಿನ ಕೀಮ್ಯಾಪಿನಲ್ಲಿ ಅದಕ್ಕೆ ಅನ್‌ಡು ಕೆಲಸ ಕೊಟ್ಟೆ. ಕಾಲ ಹೆಬ್ಬೆರಳಿನಿಂದ ಟಕ್ ಅಂದರೆ ಗೆರೆ ಮಾಯ. ಅಜ್ಜಿ ಬಾಗಿಲಲ್ಲಿ ನಿಂತು ನೋಡಿ, "ಯವ್ವಾ, ಕಾಲಿಲೆ ಚಿತ್ರಾ ತಗೀತಿಯೇನ?" ಅಂದರು. ಕಾಲಿನಿಂದ ಅಳಿಸುತ್ತೇನೆ ಅಜ್ಜಿ, ಅಂದೆ.

ನಿಬ್ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಸವೆದ ನಿಬ್ ಒರಟಾಗುತ್ತದೆ, ಎಳೆಯಲು ಬಲ ಬೇಕಾಗುತ್ತದೆ. ತುದಿ ಓರೆಯಾದ ತಕ್ಷಣ ಬದಲಾಯಿಸಿ, ಜುಗ್ಗತನ ಬೇಡ. ಹಲಗೆ ಮೇಲೆ ನಯವಾದ ಪ್ಲಾಸ್ಟಿಕ್ ಶೀಟ್ ಅಂಟಿಸಿದರೆ ನಿಬ್ಬೂ ಬಾಳುತ್ತದೆ, ಕೈಯೂ ಜಾರುತ್ತದೆ. ಕಾಗದದ ಹಾಗೆ ಅನಿಸಬೇಕು ಅನ್ನುವವರಿಗೆ ಇದು ಇಷ್ಟ ಆಗಲ್ಲ.

ಇನ್ನು ಬ್ಲೆಂಡರ್. ಟ್ಯಾಬ್ಲೆಟ್ ರಿವ್ಯೂನಲ್ಲಿ ಸಾಫ್ಟ್‌ವೇರ್ ಯಾಕೆ ಅಂದರೆ, ಕೈ ಉಳಿಸಿದ್ದರಲ್ಲಿ ಅರ್ಧ ಇದರದ್ದೇ. ಪುಕ್ಕಟೆ. ಪುಕ್ಕಟೆ ಅಂದರೆ ಕಳಪೆ ಅನ್ನುವುದು ನಮ್ಮ ಅಪ್ಪನ ಲೆಕ್ಕ. ಮೊದಲು ನೆದರ್‌ಲೆಂಡ್ಸ್‌ನ ಒಂದು ಸ್ಟುಡಿಯೊದ ಸ್ವಂತ ಕೆಲಸಕ್ಕೆ ಹುಟ್ಟಿದ್ದು, 2002ರಲ್ಲಿ ಬಳಸುವ ಜನರೇ ಏಳು ವಾರದಲ್ಲಿ 1 ಲಕ್ಷ ಯೂರೊ ಕೂಡಿಸಿ ಕೊಟ್ಟು ಅದನ್ನು ಎಲ್ಲರಿಗೂ ಪುಕ್ಕಟೆ ಸಿಗುವ ಹಾಗೆ ಬಿಡಿಸಿಕೊಂಡರು, ಇದರಲ್ಲೇ ಮಾಡಿದ ಲಾಟ್ವಿಯಾದ ಸಿನಿಮಾಕ್ಕೆ 2025ರಲ್ಲಿ ಆಸ್ಕರ್ ಬಂತು ಅಂತ ಹೇಳಿದ ಮೇಲೆ ಅಪ್ಪ, "ಹಂಗಾರ ಲ್ಯಾಪ್‌ಟಾಪ್ ಯಾಕ ಹೊಸದು ಬೇಕು?" ಅಂದರು. ಹಾಗಾಗಿ ಹಳೇ ಲ್ಯಾಪ್‌ಟಾಪಿನಲ್ಲೇ ಮಾಡಿದೆ. ಬ್ಲೆಂಡರ್ 4.0 ಇಂದ ಗ್ರಾಫಿಕ್ಸ್‌ಗೆ ಓಪನ್‌ಜಿಎಲ್ 4.3 (ಗ್ರಾಫಿಕ್ಸ್ ಚಿಪ್ಪಿನಿಂದ ಚಿತ್ರ ಮೂಡಿಸುವ ವ್ಯವಸ್ಥೆ) ಬೇಕು, ನನ್ನ ಲ್ಯಾಪ್‌ಟಾಪಿಗೆ ಅದಿಲ್ಲ. ಹಳೇ ಆವೃತ್ತಿ 3.6 ರಲ್ಲೇ ಉಳಿದೆ, ಏನೂ ಕಡಿಮೆ ಅನಿಸಲಿಲ್ಲ.

ನನ್ನ ಸಿನಿಮಾ ಹಳೇ ಬಾಗಲಕೋಟೆಯದ್ದು. ಆಲಮಟ್ಟಿ ಹಿನ್ನೀರು ಬಂದು ಊರಿನ ಒಂದು ಭಾಗ ಮುಳುಗಿ, ಜನ ನವನಗರದ ಸೆಕ್ಟರುಗಳಿಗೆ ಬಂದದ್ದು ಇಲ್ಲಿಯವರಿಗೆಲ್ಲ ಗೊತ್ತು. ಅಜ್ಜಿ ಇಂದಿಗೂ ವಿಳಾಸ ಕೇಳಿದರೆ ಸೆಕ್ಟರ್ ನಂಬರ್ ಹೇಳಲ್ಲ, ಹಳೇ ಓಣಿಯ ಹೆಸರೇ ಹೇಳುತ್ತಾರೆ. ಸಿನಿಮಾದಲ್ಲಿ ಒಬ್ಬ ಮುದುಕಿ ದಿನಾ ಸಂಜೆ ದಂಡೆಗೆ ಬಂದು ನೀರೊಳಗಿನ ತನ್ನ ಮನೆ ಮೆಟ್ಟಿಲು ಎಣಿಸುತ್ತಾಳೆ. ಅಷ್ಟೇ ಕತೆ.

ಲೆಕ್ಕ ನೋಡಿ. ಸೆಕೆಂಡಿಗೆ 24 ಫ್ರೇಮ್. 190 ಸೆಕೆಂಡಿಗೆ 4560. ಒಂದು ಚಿತ್ರವನ್ನು ಎರಡು ಫ್ರೇಮ್ ನಿಲ್ಲಿಸಿದರೂ, ಅಂದರೆ ಟೂಸ್‌ನಲ್ಲಿ ಮಾಡಿದರೂ, 2280 ಚಿತ್ರ. ನನ್ನ ಕೈ ಒಳ್ಳೆ ದಿನ ಕೊಡುವುದು ಹತ್ತೋ ಹನ್ನೆರಡೋ ಚಿತ್ರ, ಸೋಮವಾರ ಸೊನ್ನೆ. ಆ ಲೆಕ್ಕ ಹಾಕಿದ ರಾತ್ರಿ ಅತ್ತಿದ್ದೆ, ಸುಳ್ಳು ಯಾಕೆ ಹೇಳಲಿ. ಕೊನೆಗೆ ನಾನು ಬಿಡಿಸಿದ್ದು 640 ಚಿತ್ರ. ಉಳಿದದ್ದು ಹೇಗೆ ಬಂತು ಅಂತ ಹೇಳುತ್ತೇನೆ.

ಬ್ಲೆಂಡರ್‌ನಲ್ಲಿ ಕೈಚಿತ್ರಕ್ಕೆ ಗ್ರೀಸ್ ಪೆನ್ಸಿಲ್ ಅಂತ ಇದೆ. ಇದರಲ್ಲಿ ಎಳೆದ ಗೆರೆ ಬಣ್ಣದ ಕಲೆ ಅಲ್ಲ, ಬಿಂದುಗಳ ಸಾಲು. ಹಾಗಾಗಿ ಬಿಡಿಸಿದ್ದನ್ನು ಅಳಿಸಿ ಮತ್ತೆ ಬಿಡಿಸಬೇಕಿಲ್ಲ, ಸ್ಕಲ್ಪ್ಟ್ ಮೋಡಿನಲ್ಲಿ ದೊಡ್ಡ ಬ್ರಶ್ ಇಟ್ಟು ತಳ್ಳಿದರೆ ಗೆರೆಯೇ ಸರಿಯುತ್ತದೆ. ಮುದುಕಿಯ ತಲೆ ಸ್ವಲ್ಪ ವಾಲಬೇಕಾದರೆ ತಲೆ ಮತ್ತೆ ಬಿಡಿಸಲಿಲ್ಲ, ಹಳೇ ಚಿತ್ರ ಕಾಪಿ ಮಾಡಿ ತಳ್ಳಿದೆ. ಸ್ಟೆಬಿಲೈಸ್ ಸ್ಟ್ರೋಕ್ ಹಾಕಿಕೊಂಡರೆ ಕೈ ನಡುಗಿದರೂ ಗೆರೆ ನಡುಗಲ್ಲ. ಎರಡು ಚಿತ್ರದ ನಡುವಿನದ್ದನ್ನು ಅದೇ ತುಂಬಿಸಿಕೊಡುವ ಇಂಟರ್‌ಪೊಲೇಟ್ ಕೂಡ ಇದೆ, ಆದರೆ ಒಂದು ಷರತ್ತು: ಎರಡೂ ಚಿತ್ರದಲ್ಲಿ ಗೆರೆಗಳು ಅಷ್ಟೇ ಇರಬೇಕು, ಅದೇ ಕ್ರಮದಲ್ಲಿ ಎಳೆದಿರಬೇಕು. ಮೊದಲ ಸಲ ನಾನು ಒಂದರಲ್ಲಿ ಮೂಗು ಮೊದಲು, ಇನ್ನೊಂದರಲ್ಲಿ ಕಿವಿ ಮೊದಲು ಬಿಡಿಸಿದ್ದೆ. ನಡುವಿನ ಫ್ರೇಮುಗಳಲ್ಲಿ ಮುದುಕಿಯ ಮೂಗು ನಡೆದುಕೊಂಡು ಕಿವಿಗೆ ಹೋಯಿತು. ಆಮೇಲೆ ಗೋಡೆಗೆ ಚೀಟಿ ಅಂಟಿಸಿದೆ: ಹಣೆ, ಮೂಗು, ಬಾಯಿ, ಗದ್ದ, ಕಿವಿ, ಸೆರಗು. ರಂಗೋಲಿಗೆ ಚುಕ್ಕಿ ಎಣಿಸಿ ಇಟ್ಟ ಹಾಗೆ, ಆ ಕ್ರಮ ಬಿಡಲಿಲ್ಲ.

ಒಂದೇ ಚಿತ್ರ ಬಹಳ ಹೊತ್ತು ನಿಂತರೆ (ಇದಕ್ಕೆ ಹೋಲ್ಡ್ ಅನ್ನುತ್ತಾರೆ) ಸತ್ತ ಹಾಗೆ ಕಾಣುತ್ತದೆ. ಅದಕ್ಕೆ ನಾಯ್ಸ್ ಮಾಡಿಫಯರ್. ನಾಲ್ಕು ಫ್ರೇಮಿಗೊಮ್ಮೆ ಗೆರೆ ಕೂದಲೆಳೆಯಷ್ಟು ಅಲುಗುವ ಹಾಗೆ ಇಟ್ಟರೆ, ಮತ್ತೆ ಮತ್ತೆ ಕೈಯಲ್ಲಿ ಬಿಡಿಸಿದಂತೆ ಗೆರೆ ಉಸಿರಾಡುತ್ತದೆ. ನೀರಿನ ಶಾಟುಗಳೆಲ್ಲ ಹೀಗೇ. ಜಾಸ್ತಿ ಇಟ್ಟರೆ ಜ್ವರ ಬಂದವರ ತರ ಕಾಣುತ್ತದೆ, ಹುಷಾರು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಸೀರೆ. ಮುದುಕಿ ಉಟ್ಟದ್ದು ಇಳಕಲ್ ಸೀರೆ, ಇಲ್ಲಿಯ ಮುದುಕಿ ಬೇರೆ ಏನು ಉಡುತ್ತಾಳೆ. ಮೈತುಂಬ ಚೌಕಳಿ, ಕೆಂಪು ಬಿಳಿ ತೆನಿ ಸೆರಗು. ಅದನ್ನು ಪ್ರತಿ ಚಿತ್ರಕ್ಕೂ ಬಿಡಿಸುವುದು ನನ್ನ ಕೈಲಿ ಆಗದ ಮಾತು. ಹಾಗಾಗಿ ಸೀರೆಯ ಚೌಕಳಿಯನ್ನು ಬೇರೆ ಲೇಯರಿನಲ್ಲಿ, ಇಡೀ ಸ್ಕ್ರೀನ್ ತುಂಬ, ಒಂದೇ ಸಲ ಬಿಡಿಸಿದೆ, ಮೂರು ದಿನ ಹಿಡಿಯಿತು. ಆಮೇಲೆ ಸೀರೆಯ ಆಕಾರದ ಲೇಯರನ್ನು ಅದಕ್ಕೆ ಮಾಸ್ಕ್ ಮಾಡಿದೆ, ಅಂದರೆ ಆ ಆಕಾರದ ಒಳಗಷ್ಟೇ ಚೌಕಳಿ ಕಾಣುವ ಹಾಗೆ. ಆಕೆ ನಡೆದರೆ ಸೀರೆಯ ಅಂಚು ಅಲುಗುತ್ತದೆ, ಒಳಗಿನ ಚೌಕಳಿ ಮಾತ್ರ ನಿಂತಲ್ಲೇ ನಿಂತಿರುತ್ತದೆ, ಆಕೆ ಕಿಟಕಿಯ ಹಾಗೆ ಅದರ ಮೇಲೆ ಹಾದುಹೋಗುತ್ತಾಳೆ. ಜ್ಯೂರಿಯಲ್ಲಿ ಒಬ್ಬರು ಇದು ಊರು ನಿಂತು ಮನುಷ್ಯರು ಹೋದ ಅರ್ಥಕ್ಕಾ ಅಂತ ಕೇಳಿದರು. ಹೌದು ಸರ್ ಅಂದೆ. ಬೆರಳು ನೋವಿನ ಅರ್ಥಕ್ಕೆ ಅಂತ ಹೇಳಬೇಕಿತ್ತು.

ಇನ್ನೊಬ್ಬ ಮೇಷ್ಟ್ರು ಮಾತ್ರ "ಎಲ್ಲ ಹೋಲ್ಡ್ ಇಟ್ಟಿದ್ದೀಯ, ಸೋಮಾರಿತನ" ಅಂತ ಬರೆದಿದ್ದರು. ಮೆಡಿಕಲ್ ಸರ್ಟಿಫಿಕೇಟ್ ಅವರ ಟೇಬಲ್ ಮೇಲೇ ಇತ್ತು. ಇದಕ್ಕೆ ಟ್ಯಾಬ್ಲೆಟ್ ಏನೂ ಮಾಡಲಾರದು, ಮುಂದೆ ಹೋಗೋಣ.

ರೆಂಡರ್ ಮಾಡುವಾಗ, ಅಂದರೆ ಬಿಡಿಸಿದ್ದನ್ನು ಕೊನೆಗೆ ಫೈಲಾಗಿ ಹೊರತೆಗೆಯುವಾಗ, ದಯವಿಟ್ಟು ನೇರ ವಿಡಿಯೊ ಮಾಡಬೇಡಿ. ನಾನು ಮೊದಲ ಸಲ ಮಾಡಿದೆ, ರಾತ್ರಿ ಕರೆಂಟ್ ಹೋಯಿತು, ಲ್ಯಾಪ್‌ಟಾಪಿನ ಬ್ಯಾಟರಿ ಹತ್ತು ನಿಮಿಷವೂ ನಿಲ್ಲಲ್ಲ, ಬೆಳಿಗ್ಗೆ ನೋಡಿದರೆ ತೆರೆಯಲಾಗದ ಒಂದು ಫೈಲ್. ಪಿಎನ್‌ಜಿ ಚಿತ್ರಗಳ ಸಾಲಾಗಿ ರೆಂಡರ್ ಮಾಡಿ, ಔಟ್‌ಪುಟ್‌ನಲ್ಲಿ ಓವರ್‌ರೈಟ್ ತೆಗೆದುಬಿಡಿ. ಕರೆಂಟ್ ಹೋದರೆ ಕೊನೆಯ ಅರ್ಧಂಬರ್ಧ ಚಿತ್ರ ಅಳಿಸಿ ಮತ್ತೆ ಶುರು ಮಾಡಿದರೆ ಆಗಿದ್ದನ್ನು ಬಿಟ್ಟು ಮುಂದಿನದ್ದಷ್ಟೇ ಮಾಡುತ್ತದೆ. ಕೆಲಸ ಮಾಡುವಾಗ ಎರಡು ನಿಮಿಷಕ್ಕೊಮ್ಮೆ ತಾನೇ ಸೇವ್ ಮಾಡಿಕೊಳ್ಳುತ್ತದೆ, ಅದು ನನ್ನನ್ನು ಎಷ್ಟು ಸಲ ಕಾಪಾಡಿತೋ.

ಕೊರತೆ ಒಂದು. ಬ್ಲೆಂಡರಿನ ಟೆಕ್ಸ್ಟ್‌ನಲ್ಲಿ ಕನ್ನಡ ಒತ್ತಕ್ಷರ ಸರಿಯಾಗಿ ಕೂರಲ್ಲ, ಒಡೆದು ಪಕ್ಕಕ್ಕೆ ಬೀಳುತ್ತವೆ. ಟೈಟಲನ್ನು ಕೈಯಲ್ಲೇ ಬರೆದೆ, ಹೆಸರುಗಳ ಪಟ್ಟಿಯನ್ನು ಇಂಕ್‌ಸ್ಕೇಪ್ ಅನ್ನುವ ಚಿತ್ರದ ಸಾಫ್ಟ್‌ವೇರಿನಲ್ಲಿ ಮಾಡಿ ಚಿತ್ರವಾಗಿ ತಂದೆ. ಮುದುಕಿಯ ದನಿ ಅಜ್ಜಿಯದ್ದೇ. ಫೋನಿನಲ್ಲಿ ರೆಕಾರ್ಡ್ ಮಾಡಿದ್ದು, ಹಗ್ಗದ ಮೇಲೆ ಎರಡು ಕೌದಿ ನೇತುಹಾಕಿ ನಡುವೆ ಕೂರಿಸಿ. ಫ್ಯಾನ್ ಬಂದ್ ಮಾಡಿದ್ದಕ್ಕೆ ಬೈಗುಳವೂ ರೆಕಾರ್ಡ್ ಆಗಿದೆ, ಅದು ಸಿನಿಮಾದಲ್ಲಿಲ್ಲ.

ಕೈ ಸರಿ ಇರುವವರು ಯಾವ ಟ್ಯಾಬ್ಲೆಟ್ ಆದರೂ ತಗೊಳ್ಳಿ, ಅಂಥ ವ್ಯತ್ಯಾಸ ಇಲ್ಲ. ಬೆರಳು ನೋಯುವವರು ಅಂಗಡಿಯಲ್ಲಿ ಕೂತು, ಕೂತ ಕಡೆಯಿಂದ ಏಳದೇ ಕಾಲು ಗಂಟೆ ಗೀಚಿ ನೋಡಿ, ಅಂಗಡಿಯವರು ಮುಖ ಸಿಂಡರಿಸಲಿ ಬಿಡಿ. ಸಾಧ್ಯವಾದರೆ ಬೆಳಿಗ್ಗೆಯೇ ಹೋಗಿ, ಕೈ ಬಿಗಿದಿರುವಾಗ. ಮಧ್ಯಾಹ್ನ ಖುಷಿಯಲ್ಲಿ ತಗೊಂಡ ಪೆನ್ನು ಬೆಳಿಗ್ಗೆ ಹಿಡಿಯಲು ಬರಲಿಲ್ಲ ಅಂದರೆ ಏನು ಮಾಡುತ್ತೀರಿ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಅರ್ಧ ಬಟನ್‌ಗೆ ಕತ್ತರಿಸಿದ್ದು, ಒಂದು ಯುಎಸ್‌ಬಿ ತೂತಿಗೆ. ಅದು ನಾಲ್ಕನೇ ತಿಂಗಳಿಗೇ ಸಡಿಲಾಯಿತು, ಕೇಬಲ್ ಸ್ವಲ್ಪ ಅಲುಗಿದರೂ ಪೆನ್ ಕೆಲಸ ನಿಲ್ಲಿಸುತ್ತದೆ, ಈಗ ಹಲಗೆಗೆ ಕೇಬಲ್ ಸೇರಿಸಿ ಟೇಪ್ ಸುತ್ತಿದ್ದೇನೆ. ನೀವು ತಗೊಂಡರೆ ಪಿನ್ ಎಲ್ ಆಕಾರಕ್ಕೆ ಬಗ್ಗಿರುವ ಕೇಬಲ್ ಬೇರೆ ಕೊಳ್ಳಿ, ತೊಡೆ ಮೇಲೆ ಇಟ್ಟುಕೊಂಡಾಗ ನೇರ ಪಿನ್ ಹೊಟ್ಟೆಗೆ ಚುಚ್ಚುತ್ತದೆ.